ಕಬ್ಬಿನ ಊರಲ್ಲಿ ಸಪ್ಪೆ ಚಹಾ

ದೌಂಡದಲ್ಲಿ ಇದ್ದುಕೊಂಡು ಸಕ್ಕರೆ ಕಡಿಮೆ ಮಾಡುತ್ತೇನೆ ಅಂದರೆ ಜನ ನಗುತ್ತಾರೆ. ತಾಲ್ಲೂಕಿನ ತುಂಬ ಕಬ್ಬು, ಪಾಟಸದಲ್ಲಿ ಸಕ್ಕರೆ ಕಾರ್ಖಾನೆ, ಕೇಡಗಾಂವ ಕಡೆ ಹೋದರೆ ಆಲೆಮನೆಗಳು. ನನಗೋ 38 ವರ್ಷ, ದಿನಕ್ಕೆ ಒಂಬತ್ತು ತಾಸು ಲ್ಯಾಪ್‌ಟಾಪ್ ಮುಂದೆ. ಎಂಟು ಕಿಲೋ ಇಳಿಸಿ ಎಂದು ಡಾಕ್ಟರು ಹೇಳಿದ್ದಾರೆ. ಅಪ್ಪನಿಗೆ ಶುಗರ್ ಇರುವುದರಿಂದ ಆ ಮಾತನ್ನು ತಳ್ಳಿಹಾಕುವಂತಿಲ್ಲ.

ಅಪ್ಪನ ಶುಗರ್‌ಫ್ರೀ ಗುಳಿಗೆ ಡಬ್ಬಿ ಅಡುಗೆಮನೆಯಲ್ಲೇ ಇದೆ. "ನೀನೂ ಅದನ್ನ ಹಾಕ್ಕೊ" ಅಂದಳು ಅವ್ವ. ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕು ಚಹಾ, ಒಂದೊಂದಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ. ಒಟ್ಟು 40 ಗ್ರಾಂ ಸಕ್ಕರೆ, ಸುಮಾರು 160 ಕ್ಯಾಲೊರಿ. ಗುಳಿಗೆ ಹಾಕಿದರೆ ಇದಷ್ಟೂ ಉಳಿಯುತ್ತದೆ, ನಿಜ. ಆದರೆ ಆಫೀಸಿನಲ್ಲಿ ನೋಡುತ್ತೇನಲ್ಲ, ಗುಳಿಗೆ ಚಹಾದ ಪಕ್ಕದಲ್ಲೇ ವಡಾಪಾವ್ ಬಂದು ಕೂತಿರುತ್ತದೆ. ಉಳಿಸಿದ್ದು ಅಲ್ಲೇ ಖರ್ಚು. ತೂಕ ಇಳಿಸಲೆಂದು ಇಂಥ ಸಿಹಿಕಾರಕಗಳನ್ನು ಬಳಸಬೇಡಿ, ದೀರ್ಘಕಾಲದಲ್ಲಿ ಅವುಗಳಿಂದ ಮೈಕೊಬ್ಬು ಇಳಿಯುವುದು ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿತು. ಮಧುಮೇಹ ಈಗಾಗಲೇ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಹಾಗಾಗಿ ಅಪ್ಪನ ಡಬ್ಬಿ ಅಪ್ಪನಿಗೇ ಇರಲಿ.

ಬೆಲ್ಲ ಹಾಕ್ಕೊಳ್ಳಿ ಎನ್ನುವವರೂ ಇದ್ದಾರೆ (ಆಲೆಮನೆ ಸೀಮೆಯಲ್ಲವೇ!). ಕ್ಯಾಲೊರಿಯಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ.

ನಾನು ಸಕ್ಕರೆಯನ್ನೇ ಇಟ್ಟುಕೊಂಡೆ. ದಿನಕ್ಕೆ ಎರಡೇ ಚಹಾ, ಅರ್ಧರ್ಧ ಚಮಚ. ಮೊದಲ ವಾರ ಕಷಾಯ ಕುಡಿದಂತಿತ್ತು. ಈಗ ಸ್ಟೇಷನ್ನಿನ ಚಹಾ ಬಾಯಿಗಿಟ್ಟರೆ ಪಾಕ ಅನಿಸುತ್ತದೆ. ತೂಕ ಎರಡು ಕಿಲೋ ಇಳಿದಿದೆ, ಆರು ಬಾಕಿ. ವಡಾಪಾವಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ.