42 ಡಿಗ್ರಿ ಬಿಸಿಲಲ್ಲಿ ಗೇಮಿಂಗ್ ಲ್ಯಾಪ್‌ಟಾಪ್

ಲ್ಯಾಪ್‌ಟಾಪಿನ ಜೊತೆ ಬರುವ ಪುಸ್ತಕವನ್ನು ಯಾರೂ ಓದುವುದಿಲ್ಲ. ಓದಿದರೆ ಹೆಚ್ಚಿನವುಗಳಲ್ಲಿ ಒಂದು ಸಾಲು ಸಿಗುತ್ತದೆ: ಸುತ್ತಲಿನ ಗಾಳಿ 35 ಡಿಗ್ರಿ ಸೆಲ್ಸಿಯಸ್ ಮೀರದ ಕಡೆ ಇದನ್ನು ಬಳಸಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಬಿಸಿಲು 42ರ ಆಸುಪಾಸು. ಹಾಗಾದರೆ ವನದುರ್ಗದವರು ಎರಡು ತಿಂಗಳು ಲ್ಯಾಪ್‌ಟಾಪ್ ಕಟ್ಟಿಡಬೇಕೇನು?

ನಮ್ಮ ಮನೆಯಲ್ಲಿ ಕಟ್ಟಿಡುವಂತಿರಲಿಲ್ಲ. ಅಣ್ಣ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಾನೆ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕೆಂದು ಸೆಕೆಂಡ್ ಹ್ಯಾಂಡ್ ಗೇಮಿಂಗ್ ಲ್ಯಾಪ್‌ಟಾಪ್ ತಂದಿದ್ದ. (ಗೇಮ್ ಆಡುವವಳು ನಾನು, ಅದೂ ಅವನು ಮನೆಯಲ್ಲಿ ಇಲ್ಲದಾಗ.) ರಂಜಾನ್ ಮುಗಿದದ್ದೇ ಮದುವೆಗಳ ಸಾಲು, ಬಿಸಿಲೂ ಆಗಲೇ. ಮಧ್ಯಾಹ್ನ ರೆಂಡರ್‌ಗೆ ಇಟ್ಟರೆ ಅರ್ಧಕ್ಕೆ ತಾನೇ ಬಂದ್ ಆಗುತ್ತಿತ್ತು. ರಿಪೇರಿ ಅಂಗಡಿಯವರೊಬ್ಬರು ತೆರೆದೂ ನೋಡದೆ, "ಮದರ್‌ಬೋರ್ಡ್ ಹೋಗ್ಯಾದ, ಬಂದಷ್ಟಕ್ಕ ಮಾರಿಬಿಡ್ರಿ" ಎಂದರು. ಅಬ್ಬಾ ಮಾರಲು ಒಪ್ಪಿಬಿಟ್ಟರು. ಒಂದು ವಾರ ತಡೆಯಿರಿ ಎಂದು ನಾನು ಕೇಳಿಕೊಂಡೆ.

ಮೊದಲು ಮಾಡಿದ ಕೆಲಸ ಅಳತೆ. ಒಳಗಿನ ಉಷ್ಣತೆ ತೋರಿಸುವ ಉಚಿತ ಸಾಫ್ಟ್‌ವೇರ್‌ಗಳಿವೆ, ಒಂದನ್ನು ಹಾಕಿದೆ. ಮಧ್ಯಾಹ್ನ ಮೂರಕ್ಕೆ ಅಣ್ಣನ ಕೋಣೆಯಲ್ಲಿ ಪ್ರೊಸೆಸರ್ 98 ಡಿಗ್ರಿ. ಪ್ರೊಸೆಸರ್‌ಗಳು ಸಾಮಾನ್ಯವಾಗಿ 95ರಿಂದ 100 ಡಿಗ್ರಿ ಮುಟ್ಟಿದಾಗ ತಾವೇ ವೇಗ ಇಳಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಯಂತ್ರ ಬಂದ್ ಆಗುತ್ತದೆ. ಅಂದರೆ ನಮ್ಮ ಲ್ಯಾಪ್‌ಟಾಪ್ ಸಾಯುತ್ತಿರಲಿಲ್ಲ, ಜೀವ ಉಳಿಸಿಕೊಳ್ಳುತ್ತಿತ್ತು.

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ನ್ಯೂಟನ್‌ನ ತಂಪಾಗುವಿಕೆಯ ನಿಯಮ ಓದಿದ್ದೇವೆ. ವಸ್ತು ಎಷ್ಟು ಬೇಗ ತಣಿಯುತ್ತದೆ ಎನ್ನುವುದು ಅದರ ಮತ್ತು ಸುತ್ತಲಿನ ಉಷ್ಣತೆಯ ವ್ಯತ್ಯಾಸದ ಮೇಲೆ ನಿಂತಿದೆ. ಲ್ಯಾಪ್‌ಟಾಪಿನ ಫ್ಯಾನ್ ತಂಪು ತಯಾರಿಸುವುದಿಲ್ಲ, ಕೋಣೆಯ ಗಾಳಿಯನ್ನೇ ಎಳೆದು ಬಿಸಿಯನ್ನು ಹೊರಗೆ ದಬ್ಬುತ್ತದೆ. ನಮಗೆ ಫ್ಯಾನ್ ಗಾಳಿ ಹಿತವಾಗುವುದು ಬೆವರು ಆರುವುದರಿಂದ. ಲ್ಯಾಪ್‌ಟಾಪ್ ಬೆವರುವುದಿಲ್ಲ. ಕೋಣೆ ಹತ್ತು ಡಿಗ್ರಿ ತಂಪಾದರೆ ಒಳಗೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಆದ್ದರಿಂದ ಕೂಲಿಂಗ್ ಪ್ಯಾಡ್‌ಗೆ ದುಡ್ಡು ಹಾಕುವ ಮೊದಲು ಕೋಣೆಯನ್ನು ನೋಡಬೇಕು ಅನ್ನಿಸಿತು.

ಅಣ್ಣನದು ಮೇಲಿನ ಆರ್‌ಸಿಸಿ ಕೋಣೆ. ನಮ್ಮೂರ ಕೋಟೆಯ ಕಲ್ಲನ್ನು ಮಗ್ರಿಬ್ ಹೊತ್ತಿಗೆ ಮುಟ್ಟಿದರೂ ಕೈಗೆ ಬಿಸಿ ಹತ್ತುತ್ತದಲ್ಲ, ಸ್ಲ್ಯಾಬ್ ಕೂಡ ಹಾಗೆಯೇ. ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯಿಡೀ ಕೆಳಗೆ ಬಿಡುತ್ತದೆ. ಕೆಳಗೆ ದಾದಿಯ ಕೋಣೆ ಹಳೆಯ ಮಾಳಿಗೆ ಮನೆಯ ಭಾಗ. ದಪ್ಪ ಗೋಡೆ, ಮೇಲೆ ಮಣ್ಣು, ನಡುವೆ ಬಿಸಿಗಾಳಿ ಏರಿ ಹೋಗಲು ಗವಾಕ್ಷಿ, ಕೆಳಗೆ ಶಹಾಬಾದ್ ಪರಸಿ. ಅದೇ ದಿನ, ಅದೇ ಹೊತ್ತಿಗೆ, ಅಲ್ಲಿ ಆರು ಡಿಗ್ರಿ ಕಡಿಮೆ ಇತ್ತು. ಗಾದಿಯ ಮೇಲಿದ್ದ ಲ್ಯಾಪ್‌ಟಾಪನ್ನು ಅಲ್ಲಿನ ಪರಸಿಯ ಮೇಲೆ ಇಟ್ಟೆ, ಹಿಂಭಾಗಕ್ಕೆ ಎರಡು ಬಾಟಲಿ ಮುಚ್ಚಳ ಕೊಟ್ಟೆ. ಪರಸಿ ತಣ್ಣಗಿರುವುದು ಇಲ್ಲಿ ಮುಖ್ಯವಲ್ಲ. ಗಾದಿ ಅಡಿಯ ರಂಧ್ರಗಳನ್ನು ಮುಚ್ಚುತ್ತದೆ, ಗಟ್ಟಿ ನೆಲ ಮುಚ್ಚುವುದಿಲ್ಲ. ಅಷ್ಟೇ.

ಇನ್ನು ಹತ್ತಿ. ಶಹಾಪುರ ತಾಲ್ಲೂಕಿನಲ್ಲಿ ಹತ್ತಿ ಬಿಡಿಸುವ ಕಾಲದಲ್ಲಿ ಅದರ ಎಳೆ ಸೇರದ ಜಾಗ ಯಾವುದಿದೆ? ಪಕ್ಕದ ಓಣಿಯ ಡಿಪ್ಲೊಮಾ ಓದುವ ಹುಡುಗನ ನೆರವಿನಿಂದ ಅಡಿಯ ಮುಚ್ಚಳ ತೆಗೆಸಿ, ಬ್ಯಾಟರಿ ಕೇಬಲ್ ಬಿಡಿಸಿ ನೋಡಿದೆವು. ಹೊರಗಿನಿಂದ ಫ್ಯಾನ್ ಸ್ವಚ್ಛವಾಗಿಯೇ ಕಾಣುತ್ತಿತ್ತು. ಆದರೆ ಅದರ ಹಿಂದೆ, ಬಿಸಿ ಹೊರಬೀಳುವ ಲೋಹದ ಸಣ್ಣ ಹಲ್ಲುಗಳ ಮುಂದೆ, ಧೂಳೂ ಹತ್ತಿಯೂ ಸೇರಿ ಕಂಬಳಿಯ ತುಂಡಿನಂಥದ್ದು ಕೂತಿತ್ತು! ಮೆತ್ತನೆಯ ಬ್ರಷ್‌ನಿಂದ ತೆಗೆದೆವು. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳು ಹಿಡಿಯಬೇಕು, ಇಲ್ಲದಿದ್ದರೆ ಬೇರಿಂಗ್ ಕೆಡುತ್ತದೆ. ಚಿಪ್‌ಗೂ ತಾಮ್ರದ ಕೊಳವೆಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು, ಹೊಸದು ಹಾಕಿದ. ಕಣ್ಣಿಗೆ ಕಾಣದ ಗಾಳಿಯ ಸಂದುಗಳನ್ನು ತುಂಬುವುದೇ ಅದರ ಕೆಲಸ. ಗಾಳಿ ಬಿಸಿಯನ್ನು ಸರಿಯಾಗಿ ದಾಟಿಸುವುದಿಲ್ಲ.

ಕೊನೆಗೆ ಸೆಟ್ಟಿಂಗ್. ಚಿಪ್ ಉಣ್ಣುವ ವಿದ್ಯುತ್ತು ಅದರ ವೇಗಕ್ಕೆ ಮತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜ್ ಶೇ 10 ಇಳಿದರೆ ವಿದ್ಯುತ್ತು ಸುಮಾರು ಶೇ 19 ಇಳಿಯುತ್ತದೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೊ ನಿಲ್ಲುತ್ತದೆ. ಒಂದು ಅಂಕಿಯ ಬದಲಾವಣೆಗೆ ನಮ್ಮದರಲ್ಲಿ ಹನ್ನೆರಡು ಡಿಗ್ರಿ ಇಳಿಯಿತು. ರೆಂಡರ್ ಸ್ವಲ್ಪ ನಿಧಾನ, ಆದರೆ ಮುಗಿಯುತ್ತದೆ. ಗೇಮ್ ಆಡುವವರು ಫ್ರೇಮ್ ರೇಟನ್ನು 60ಕ್ಕೆ ಕಟ್ಟಿಹಾಕಿ. ಅದಕ್ಕಿಂತ ಹೆಚ್ಚು ಬೇಕೆನ್ನುವುದು ಬರೀ ಶೋಕಿ ಎಂದು ನನ್ನ ಅಭಿಪ್ರಾಯ, ಗೆಳತಿಯರು ಒಪ್ಪುವುದಿಲ್ಲ.

ದಾದಿ ತಮ್ಮದೊಂದು ಉಪಾಯ ಹೇಳಿದರು: "ಒದ್ದಿ ಅರಿವಿ ಸುತ್ತವಾ, ಮಡಕಿ ತಣ್ಣಗ ಆಗಂಗಿಲ್ಲೇನು?" ಮಡಕೆಯ ವಿಜ್ಞಾನ ಸರಿ, ಆದರೆ ಮಡಕೆಯಲ್ಲಿ ಸರ್ಕ್ಯೂಟ್ ಇಲ್ಲ. ಐಸ್ ಪ್ಯಾಕ್ ಕೂಡ ಬೇಡ, ಗಾಳಿಯ ತೇವ ಒಳಗೇ ಹನಿಗಟ್ಟಬಹುದು. ವಾಟರ್ ಕೂಲರ್ ಇದ್ದರೆ ಕಿಟಕಿ ತೆರೆದಿಡಿ, ಲ್ಯಾಪ್‌ಟಾಪನ್ನು ಅದರ ಎದುರಿಗೆ ನೇರವಾಗಿ ಇಡಬೇಡಿ.

ದಿನದಲ್ಲಿ ಅತಿ ತಂಪಿನ ಹೊತ್ತು ಸೂರ್ಯ ಹುಟ್ಟುವ ಆಸುಪಾಸಿನದು. ಈಗ ಅಣ್ಣ ಫಜರ್ ನಮಾಜ್ ಮುಗಿಸಿ ಬಂದು ರೆಂಡರ್‌ಗೆ ಹಾಕುತ್ತಾನೆ. ಆಗ 79 ಡಿಗ್ರಿ ದಾಟಿದ್ದನ್ನು ನಾನು ನೋಡಿಲ್ಲ. ಅಬ್ಬಾ ಮಾರುವ ಮಾತು ಬಿಟ್ಟಿದ್ದಾರೆ, ಈ ಬೇಸಿಗೆಯ ಏಳು ಮದುವೆಗಳ ವಿಡಿಯೊ ಕೊಟ್ಟಾಯಿತು. ರಾತ್ರಿ ಮಾತ್ರ ಅದನ್ನು ಚಾಲೂ ಮಾಡುವಂತಿಲ್ಲ. ಫ್ಯಾನಿನ ಸದ್ದಿಗೆ ದಾದಿಗೆ ನಿದ್ದೆ ಬರುವುದಿಲ್ಲ, ಕೋಣೆ ಅವರದು.