ಕಾಮಾಲೆಯ ಕಣ್ಣೂ ಗುರುವಿನ ಕಣ್ಣೂ

ಕಾಮಾಲೆಯ ಕಣ್ಣಿಗೆ ಲೋಕವೆಲ್ಲ ಹಳದಿ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಅನ್ಯರಲ್ಲಿ ದೋಷವನ್ನೇ ಕಾಣುವವರನ್ನು ಕುರಿತು ಹುಟ್ಟಿದ ಈ ಮಾತು, ಕಾಮಾಲೆಯಾದ ಕಣ್ಣನ್ನು ಮೊದಲು ಕಾಣಬೇಕಾದವರು ಯಾರೆಂಬುದನ್ನು ಮಾತ್ರ ಹೇಳುವುದಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಮಗುವಿನ ಕಣ್ಣು ಹಳದಿಯಾಯಿತೆಂದರೆ ನಾಟಿ ಔಷಧ ಕೊಡುವವರನ್ನು ನೆನೆಯುವುದು ರೂಢಿ. ವೈರಾಣುವಿನಿಂದ ಬಂದ ಕಾಮಾಲೆಯು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದರಿಂದ ಕೀರ್ತಿಯೆಲ್ಲ ಬೇರಿನ ರಸಕ್ಕೆ ಸಲ್ಲುತ್ತದೆ. ಆದರೆ ಕಾಮಾಲೆಯು ಒಂದು ರೋಗವಲ್ಲ, ಹಲವು ರೋಗಗಳ ಲಕ್ಷಣ. ಅವುಗಳಲ್ಲೊಂದು ಅತಿ ವಿರಳವಾದದ್ದು. ಪಿತ್ತನಾಳವು ಹುಟ್ಟಿನಿಂದಲೇ ಚೀಲದಂತೆ ಉಬ್ಬಿರುವ ವಿಕಾರ. ವೈದ್ಯರು ಅದನ್ನು ಕೋಲೆಡೋಕಲ್ ಸಿಸ್ಟ್ ಎನ್ನುವರು.

ಗಂಗಾವತಿಯ ಭತ್ತದ ಗದ್ದೆಗಳಿಗೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆಯನ್ನು ಬಲ್ಲವರಿಗೆ ಇದರ ಸ್ವರೂಪ ಸುಲಭವಾಗಿ ತಿಳಿದೀತು. ಯಕೃತ್ತಿನಲ್ಲಿ ಹುಟ್ಟಿದ ಪಿತ್ತರಸವು ಪಿತ್ತನಾಳದ ಮೂಲಕ ಸಣ್ಣ ಕರುಳಿಗೆ ಹರಿಯುತ್ತದೆ. ಅನೇಕ ರೋಗಿಗಳಲ್ಲಿ ಮೇದೋಜೀರಕ ಗ್ರಂಥಿಯ ನಾಳವು ಪಿತ್ತನಾಳವನ್ನು ತಕ್ಕ ಸ್ಥಳಕ್ಕಿಂತ ಮೇಲೆಯೇ ಕೂಡಿರುವುದರಿಂದ, ಅದರ ತೀಕ್ಷ್ಣರಸವು ಹಿಮ್ಮುಖವಾಗಿ ಏರಿ ನಾಳದ ಗೋಡೆಯನ್ನು ಕೆಡಿಸುತ್ತದೆ. ದಂಡೆ ಸಡಿಲಿ ಉಬ್ಬಿದೆಡೆ ನೀರು ನಿಂತು ಹೂಳು ತುಂಬುವಂತೆ, ಇಲ್ಲಿ ಪಿತ್ತವು ನಿಂತು ಕಲ್ಲುಗಟ್ಟುತ್ತದೆ, ಸೋಂಕು ಹತ್ತುತ್ತದೆ; ವರ್ಷಗಳು ಕಳೆದರೆ ಕ್ಯಾನ್ಸರ್ ಕೂಡ ತಲೆದೋರಬಹುದು. ಹರಿವು ತಡೆದಾಗ ಕಣ್ಣು ಹಳದಿಯಾಗುವುದು. ದಾರಿ ಬಿಟ್ಟಾಗ ಹಳದಿ ಇಳಿಯುವುದು. ಈ ಇಳಿತವೇ ದೊಡ್ಡ ವಂಚನೆ. ಔಷಧ ಫಲಿಸಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ರೋಗವು ಒಳಗೊಳಗೇ ಮುಂದುವರಿದಿರುತ್ತದೆ.

ಪಿತ್ತದ ಮಾರ್ಗವು ಮುಚ್ಚುವುದನ್ನು ಪ್ರಾಚೀನರು ಅರಿಯದವರಲ್ಲ. ಚರಕಸಂಹಿತೆಯು ಪಾಂಡುರೋಗದ ಅಧ್ಯಾಯದಲ್ಲಿ, ಕಫದಿಂದ ಪಿತ್ತದ ದಾರಿ ಕಟ್ಟಿದ ಕಾಮಲಾರೋಗಿಯ ಮಲವನ್ನು ಅರೆದ ಎಳ್ಳಿಗೆ ಹೋಲಿಸಿದೆ. ಇಂದಿನ ವೈದ್ಯರೂ ಬಿಳಿಚಿದ ಮಲವನ್ನು ತಡೆಯ ಕುರುಹೆಂದೇ ಎಣಿಸುತ್ತಾರೆ. ಪಶ್ಚಿಮದಲ್ಲಿ 1723ರಲ್ಲಿ ಫಾಟರ್ ಈ ಉಬ್ಬನ್ನು ವರ್ಣಿಸಿದನು. 1852ರಲ್ಲಿ ಡಗ್ಲಾಸ್ ಒಬ್ಬ ರೋಗಿಯ ವೃತ್ತಾಂತವನ್ನು ಬರೆದನು. 1977ರಲ್ಲಿ ಜಪಾನಿನ ತೊಡಾನಿ ಇದನ್ನು ಐದು ಬಗೆಯಾಗಿ ವಿಂಗಡಿಸಿದನು. ಹಿಂದೆ ಉಬ್ಬಿದ ಚೀಲವನ್ನು ಒಳಗೇ ಉಳಿಸಿ ಕರುಳಿಗೆ ಜೋಡಿಸುತ್ತಿದ್ದರು. ಉಳಿದ ಚೀಲದಲ್ಲಿ ಮುಂದೆ ಕ್ಯಾನ್ಸರ್ ಹುಟ್ಟುವುದನ್ನು ಕಂಡ ಮೇಲೆ, ಯಕೃತ್ತಿನ ಹೊರಗಿನ ಉಬ್ಬನ್ನು ಪೂರ್ಣವಾಗಿ ತೆಗೆದು, ಮೇಲಿನ ನಾಳವನ್ನು ಕರುಳಿಗೆ ಕೂಡಿಸುವ ಕ್ರಮ ನೆಲೆಗೊಂಡಿತು. ಸಕಾಲದಲ್ಲಿ ಇಷ್ಟಾದರೆ ಮಗು ಓದಿ, ಆಡಿ, ಬಾಳಬಲ್ಲದು. ವೈದ್ಯರ ತಪಾಸಣೆಯನ್ನು ಮಾತ್ರ ಮುಂದೆಯೂ ಬಿಡಲಾಗದು.

ಈ ವ್ಯಾಧಿಯು ಏಷ್ಯಾದ ಜನರಲ್ಲಿ ಹೆಚ್ಚು. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಹೆಣ್ಣುಮಗುವಿನ ಹೊಟ್ಟೆನೋವಿಗೆ ಜಂತುಹುಳುವೆಂದೋ ಶಾಲೆ ತಪ್ಪಿಸುವ ನೆಪವೆಂದೋ ಹೆಸರಿಡುವುದು ಎಷ್ಟು ಸುಲಭ! ಮೇಲುಹೊಟ್ಟೆಯ ಬಲಭಾಗದಲ್ಲಿ ಮರಮರಳಿ ನೋವು, ಬಂದು ಹೋಗುವ ಕಾಮಾಲೆ, ಕೈಗೆ ತಗಲುವ ಗಂಟು ಎಂಬ ಮೂರೂ ಒಟ್ಟಿಗೆ ತೋರುವುದು ಕೆಲವರಲ್ಲಿ ಮಾತ್ರ. ಒಂದು ತೋರಿದರೂ ಅಲಕ್ಷ್ಯ ಸಲ್ಲದು. ಹೊಟ್ಟೆಯ ಅಲ್ಟ್ರಾಸೌಂಡ್ ಪರೀಕ್ಷೆಯಿಂದಲೇ ಬಹುತೇಕ ಸುಳಿವು ದೊರೆಯುತ್ತದೆ. 2015ರಲ್ಲಿ ಕೊಪ್ಪಳದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ಮೇಲೆ ಮೊದಲ ಹೆಜ್ಜೆಯ ದಾರಿ ಹತ್ತಿರವಾಗಿದೆ.

ಹಾಜರಿ ಕರೆಯುವ ಗುರುವು ದಿನಂಪ್ರತಿ ಮಗುವಿನ ಮುಖವನ್ನು ನೋಡುವವನು. ಹೋದ ವರ್ಷವೂ ಇದೇ ಮಗುವಿನ ಕಣ್ಣು ಹಳದಿಯಾಗಿತ್ತಲ್ಲವೇ ಎಂದು ಅವನು ನೆನೆದು, ಪಾಲಕರನ್ನು ಕರೆಸಿ ಹೇಳುವ ಒಂದು ಮಾತು ಯಾವ ಪಾಠಕ್ಕೂ ಕಡಿಮೆಯದಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡವರ ಚಿಕಿತ್ಸೆಗೆ ಆಸರೆಯಾಗಿದೆ. ಆದರೂ ಕೂಲಿ ಬಿಟ್ಟು ದೂರದ ಊರಿನಲ್ಲಿ ಮಗುವಿನೊಡನೆ ತಂಗುವ ತಾಯಿತಂದೆಗಳಿಗೆ ಊಟ, ವಸತಿ, ದಾರಿಯ ಖರ್ಚು ಭಾರವೇ. ಆ ಭಾರಕ್ಕೆ ಹೆಗಲು ಕೊಡುವುದೂ ದಾಸೋಹವೇ. ಶಾಲೆಗೆ ಕೋಣೆ ಕಟ್ಟಿಸಿದ ದಾನಿಗಳ ಕೈ, ಆ ಕೋಣೆಯಲ್ಲಿ ಕುಳಿತ ಕೂಸಿನ ಒಡಲಿನವರೆಗೂ ಚಾಚಲಿ.