ಮಹಡಿಯ ಮನೆ ಖಾಲಿಯಾದದ್ದು

2020ರ ಮಾರ್ಚ್ 22, ಭಾನುವಾರ. ಜನತಾ ಕರ್ಫ್ಯೂವಿನ ಆ ಸಂಜೆ ಐದು ಗಂಟೆಗೆ ಮೈಸೂರಿನ ನಮ್ಮ ಬೀದಿಯ ಮನೆಮಂದಿಯೆಲ್ಲ ಗೇಟಿನ ಬಳಿ ನಿಂತಿದ್ದರು. ನನ್ನ ಮಡದಿ ದೇವರ ಮನೆಯ ಜಾಗಟೆಯನ್ನೇ ಹಿಡಿದು ಬಂದಿದ್ದಳು. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಅಷ್ಟರಲ್ಲಿ ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ ಕೆಲಸ ಮುಗಿಸಿ ಬಂದಳು. ಆಕೆ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸು. ಎದುರು ಮನೆಯ ಹಿರಿಯರು ಅವಳತ್ತ ತಿರುಗಿ ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು, ಉಳಿದವರೂ ದನಿಗೂಡಿಸಿದರು. ಅವಳು ನಾಚಿ, ತಲೆ ತಗ್ಗಿಸಿ, ಹೊರಗಿನ ಮೆಟ್ಟಿಲು ಹತ್ತಿ ಹೋದಳು.

ಇದಾದ ಮೂರು ವಾರಗಳೊಳಗೆ ಅವಳನ್ನು ಮನೆ ಬಿಡಲು ಹೇಳಿದವನು ನಾನೇ.

ಈ ಮಾತನ್ನು ಇಷ್ಟು ವರ್ಷ ಬರೆಯದೆ ಇದ್ದೆ. ಶಾಲೆಯ ನೆನಪುಗಳನ್ನು ಬರೆಯುವುದು ಸುಲಭ. ಅಲ್ಲಿ ತಪ್ಪುಗಳನ್ನು ಮಾಡುವವರು ಮಕ್ಕಳು, ತಿದ್ದುವವನು ನಾನು.

ಭಯ ಒಮ್ಮೆಲೇ ಬರಲಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯ ಉದ್ಯೋಗಿಯೊಬ್ಬರಿಗೆ ಸೋಂಕು ತಗುಲಿರುವುದು ಪತ್ತೆಯಾಯಿತು. ಏಪ್ರಿಲ್ ಮುಗಿಯುವುದರೊಳಗೆ ಆ ಒಂದು ಸರಣಿಯಲ್ಲೇ ಸೋಂಕಿತರ ಸಂಖ್ಯೆ 70 ದಾಟಿತು. ‘ನಂಜನಗೂಡು’ ಎಂದರೆ ರಸಬಾಳೆಯನ್ನೂ ಶ್ರೀಕಂಠೇಶ್ವರನನ್ನೂ ನೆನೆಯುತ್ತಿದ್ದ ಜನ, ಆ ಊರಿನ ಹೆಸರು ಕೇಳಿದರೆ ಒಂದು ಹೆಜ್ಜೆ ಹಿಂದೆ ಸರಿಯತೊಡಗಿದರು. ಅದೇ ದಿನಗಳಲ್ಲಿ ನಮ್ಮೂರಿನ ಅಂಗಡಿಯೊಂದರಲ್ಲಿ ನಾಗಾಲ್ಯಾಂಡಿನ ಇಬ್ಬರು ಯುವಕರನ್ನು ಮುಖಚಹರೆ ನೋಡಿ ಒಳಗೆ ಬಿಡಲಿಲ್ಲವೆಂಬ ಸುದ್ದಿ ಬಂತು. ದೆಹಲಿಯ ನಿಜಾಮುದ್ದೀನಿನ ಸಮಾವೇಶದ ಸುದ್ದಿ ಹಬ್ಬಿದ ಮೇಲಂತೂ ತಳ್ಳುಗಾಡಿಯ ಹಣ್ಣಿನವನ ಹೆಸರು ಕೇಳಿ ವ್ಯಾಪಾರ ಮಾಡುವ ರೂಢಿ ನಮ್ಮ ಬೀದಿಯಲ್ಲೂ ಶುರುವಾಯಿತು. ಪತ್ರಿಕೆ ಓದಿ ‘ಛೇ’ ಎಂದು ಮಡಿಸಿಡುತ್ತಿದ್ದೆ. ಹಾಗೆನ್ನುವುದರಲ್ಲೇ ನನ್ನ ಕರ್ತವ್ಯ ಮುಗಿಯುತ್ತಿತ್ತು.

ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ಕೈಗೆ ಮುದ್ರೆ ಒತ್ತುತ್ತಿದ್ದ ಕಾಲವದು. ಅದಕ್ಕೆ ಮತದಾನದ ಅಳಿಸಲಾಗದ ಶಾಯಿಯನ್ನು ಬಳಸಲು ಚುನಾವಣಾ ಆಯೋಗ ಅನುಮತಿ ಕೊಟ್ಟಿತ್ತು. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನ ಕಾರ್ಖಾನೆಯಲ್ಲೇ. ಮಾಸ್ತರಿಕೆಯ ದಿನಗಳಲ್ಲಿ ಚುನಾವಣಾ ಕೆಲಸಕ್ಕೆ ಹೋದಾಗಲೆಲ್ಲ ನೂರಾರು ಜನರ ಬೆರಳಿಗೆ ನಾನೇ ಅದನ್ನು ಹಚ್ಚಿದ್ದೇನೆ. ‘ನೀನೂ ಈ ನಾಡಿನವನು’ ಎಂದು ಹೇಳುತ್ತಿದ್ದ ಗುರುತು, ‘ನೀನು ಹತ್ತಿರ ಬರಬೇಡ’ ಎನ್ನುವ ಗುರುತೂ ಆಗಬಹುದೆಂದು ಎಣಿಸಿರಲಿಲ್ಲ.

ನಮ್ಮ ಹುಡುಗಿಯ ಕೈಯಲ್ಲಿ ಮುದ್ರೆಯಿರಲಿಲ್ಲ. ಆದರೆ ಅವಳ ತವರು ನಂಜನಗೂಡಿನ ಪಕ್ಕದ ಹಳ್ಳಿ, ಉದ್ಯೋಗ ಆಸ್ಪತ್ರೆಯಲ್ಲಿ. ಎದುರು ಮನೆಯವರು ಎರಡು ಬಾರಿ ಗೇಟಿನಾಚೆ ನಿಂತು, “ಮೇಷ್ಟ್ರೇ, ನಿಮಗೂ ಸಕ್ಕರೆ ಕಾಯಿಲೆ, ಬೀದೀಲಿ ನಮ್ಮಂಥ ಮುದುಕರೇ ಹೆಚ್ಚು, ಸ್ವಲ್ಪ ಯೋಚನೆ ಮಾಡಿ” ಎಂದರು. ನಾನು ಯೋಚನೆ ಮಾಡಲಿಲ್ಲ. ಮಾಡಿದ್ದರೆ, ಅವಳ ಮೆಟ್ಟಿಲು ಹೊರಗಡೆಯೇ ಇದೆ, ನಲ್ಲಿ ಬೇರೆ, ಬಚ್ಚಲು ಬೇರೆ ಎಂಬುದು ಹೊಳೆಯುತ್ತಿತ್ತು. ಆ ಮನೆಯನ್ನು ಕಟ್ಟಿಸಿದವನು ನಾನಲ್ಲವೆ!

ಒಂದು ಬೆಳಿಗ್ಗೆ ಅಂಗಳದಲ್ಲಿ ನಿಂತು ಮೇಲೆ ನೋಡುತ್ತ ಹೇಳಿದೆ: “ನೋಡಮ್ಮಾ, ತಪ್ಪು ತಿಳೀಬೇಡ. ಇದೆಲ್ಲ ತಿಳಿಯಾಗೋವರೆಗೆ ಆಸ್ಪತ್ರೆಯವರೇ ಎಲ್ಲಾದರೂ ಇರೋಕೆ ವ್ಯವಸ್ಥೆ ಮಾಡ್ತಾರೇನೋ ಕೇಳ್ತೀಯಾ?”

ಅವಳು ವಾದಿಸಲಿಲ್ಲ. “ಆಗಲಿ ಮೇಷ್ಟ್ರೇ” ಎಂದಳು. ಮೂರನೆಯ ದಿನ ಎರಡು ಚೀಲ, ಒಂದು ಗ್ಯಾಸ್ ಸ್ಟೌ ಹೊತ್ತು ಹೋದಳು. ಲಾಕ್‌ಡೌನಿನಲ್ಲಿ ಗಾಡಿ ಹೇಗೆ ಹೊಂದಿಸಿಕೊಂಡಳೆಂದು ನಾನು ಕೇಳಲಿಲ್ಲ.

ಏಪ್ರಿಲ್ 22ರಂದು ಕೇಂದ್ರ ಸರ್ಕಾರವು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ಜಾಮೀನಿಲ್ಲದ ಅಪರಾಧವೆಂದು ಸಾರಿತು. ಆ ಕಾಯಿದೆ ಹುಟ್ಟಿದ್ದು ಮುಂಬಯಿಯ ಪ್ಲೇಗಿನ ಕಾಲದಲ್ಲಿ. ಮರುವರ್ಷ ಪ್ಲೇಗು ಬೆಂಗಳೂರು, ಮೈಸೂರುಗಳಿಗೂ ಬಂತು. ನನ್ನ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಇಲಿ ಬಿದ್ದೊಡನೆ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತು. ಆದರೆ ಆ ಗುಡಿಸಲುಗಳೂ ಜಾತಿಗೊಂದು ಸಾಲು. ಸತ್ತವರನ್ನು ಹೊರುವ ಕೆಲಸ ಮಾತ್ರ ಕೊನೆಯ ಸಾಲಿನವರದು. ಅದನ್ನು ಅಜ್ಜಿ ಸಹಜವೆಂಬಂತೆ ಹೇಳುತ್ತಿದ್ದಳು, ನಾವೂ ಸಹಜವೆಂಬಂತೆ ಕೇಳುತ್ತಿದ್ದೆವು. 2020ರಲ್ಲಿ ‘ನಮ್ಮ ಹಿರಿಯರ ಮಡಿ ಮೈಲಿಗೆ ಎಷ್ಟು ವೈಜ್ಞಾನಿಕ ನೋಡಿ’ ಎಂಬ ಸಂದೇಶಗಳು ನನ್ನ ಮೊಬೈಲಿಗೆ ದಿನಕ್ಕೆ ಹತ್ತು ಬರುತ್ತಿದ್ದವು; ಕಳುಹಿಸುತ್ತಿದ್ದವರು ಬಹುಪಾಲು ನನ್ನ ನಿವೃತ್ತ ಸಹೋದ್ಯೋಗಿಗಳೇ. ಸೋಪು ಕೇಳುವುದು ಕೈ ಕೊಳೆಯಾಗಿದೆಯೇ ಎಂದು. ಮಡಿ ಕೇಳುತ್ತಿದ್ದುದು ನೀನು ಯಾರ ಮಗ ಎಂದು. ಸಂವಿಧಾನದ ಹದಿನೇಳನೆಯ ವಿಧಿಯನ್ನು ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಬರೆದವನಿಗೆ ಈ ವ್ಯತ್ಯಾಸ ಗೊತ್ತಿತ್ತು. ಗೊತ್ತಿದ್ದೂ ಅಂಗಳದಲ್ಲಿ ನಿಂತು ಮೇಲೆ ನೋಡಿ ಮಾತನಾಡಿದ್ದೆ. ಯಾವ ಸುಗ್ರೀವಾಜ್ಞೆಗೂ ಸಿಗದಷ್ಟು ಮೃದುವಾಗಿ.

ಸೆಪ್ಟೆಂಬರಿನಲ್ಲಿ ನಮ್ಮಿಬ್ಬರಿಗೂ ಸೋಂಕು ತಗುಲಿತು. ಎಲ್ಲಿಂದ ಬಂತೋ ಇಂದಿಗೂ ತಿಳಿಯದು. ಮಹಡಿಯಂತೂ ಬೀಗ ಹಾಕಿತ್ತು. ಗೇಟಿಗೆ ಚೀಟಿ ಅಂಟಿಸಿ ಹೋದರು. ಹಾಲಿನವನು ಪಾಕೀಟನ್ನು ಬೀದಿಯ ತುದಿಯಲ್ಲೇ ಇಡತೊಡಗಿದ. ಆದರೆ ಎದುರು ಮನೆಯ ಆ ಹಿರಿಯರಿದ್ದಾರಲ್ಲ, ನನ್ನನ್ನು ಎಚ್ಚರಿಸಿದವರು, ಅವರೇ ದಿನವೂ ಎರಡು ಹೊತ್ತು ಊಟದ ಡಬ್ಬಿಯನ್ನು ಗೇಟಿಗೆ ತೂಗುಹಾಕಿ ಹೋಗುತ್ತಿದ್ದರು. ಹದಿನಾಲ್ಕು ದಿನ, ಒಂದು ಹೊತ್ತೂ ತಪ್ಪದೆ. ಇಂದಿಗೂ ಈ ಇಬ್ಬರನ್ನು ಒಬ್ಬನೇ ಮನುಷ್ಯನನ್ನಾಗಿ ಜೋಡಿಸಿಕೊಳ್ಳಲು ನನಗೆ ಆಗಿಲ್ಲ. ನನ್ನನ್ನೂ ಅಷ್ಟೇ.

ಮೂರನೆಯ ರಾತ್ರಿ ಮಡದಿಗೆ ಉಸಿರು ಭಾರವಾಯಿತು. ನಾನು ಸುಮ್ಮನೆ ಕುಳಿತಿದ್ದೆ. ಅವಳೇ ನನ್ನ ಫೋನು ತೆಗೆದುಕೊಂಡು, ನನ್ನನ್ನು ಕೇಳದೆ, ಆ ಹುಡುಗಿಗೆ ಕರೆ ಮಾಡಿದಳು. ಹುಡುಗಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಹೇಗೆ ನೋಡಬೇಕೆಂದು ಹೇಳಿಕೊಟ್ಟು, ಬೋರಲು ಮಲಗಲು ತಿಳಿಸಿ, ಅಂಕಿ 94ಕ್ಕಿಂತ ಕೆಳಗಿಳಿದರೆ ಬೆಳಗಾಗುವವರೆಗೆ ಕಾಯಬೇಡಿ ಎಂದಳು. ಅನಂತರ ದಿನಕ್ಕೆರಡು ಸಲ ತಾನೇ ಫೋನು ಮಾಡುತ್ತಿದ್ದಳು, ಪಾಳಿಯ ನಡುವೆ.

ಒಂದು ದಿನ ಫೋನು ನನ್ನ ಕೈಗೆ ಬಂತು. ಎಷ್ಟೋ ಹೊತ್ತು ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ಹೇಳತೊಡಗಿದೆ. ಅವಳು ನಡುವೆಯೇ ತಡೆದು, “ಬಿಡಿ ಮೇಷ್ಟ್ರೇ. ಆಮೇಲೆ ಇನ್ನೆರಡು ಮನೆಯಲ್ಲೂ ಹಾಗೇ ಆಯ್ತು. ನೀವಾದರೂ ಅಡ್ವಾನ್ಸು ಪೂರ್ತಿ ವಾಪಸು ಕೊಟ್ಟಿದ್ರಿ” ಎಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

“ಅಮ್ಮಂಗೆ ಈಗ ಎಷ್ಟು ತೋರಿಸ್ತಿದೆ, ನೋಡಿ ಹೇಳಿ” ಎಂದು ಕೇಳಿದಳು.

ಕನ್ನಡಕ ಹಾಕಿಕೊಂಡು ನೋಡಿ, “ತೊಂಬತ್ತಾರು” ಎಂದೆ.